ಗಟಾರದ ಟೆಂಡರಿಗೆ ನಾವು ಅರ್ಹರಾದದ್ದು

ಕೂಲಿಯವನು ಗಟಾರಕ್ಕೆ ಇಳಿಯಲು ಯಾವ ಅರ್ಹತೆಯೂ ಬೇಡ. ಅದೇ ಗಟಾರದ ಗುತ್ತಿಗೆ ಕೇಳಿ ನೋಡಿ, ಸರ್ಕಾರಕ್ಕೆ ನಿಮ್ಮ ಮೇಲೆ ಇಲ್ಲದ ಅನುಮಾನ ಹುಟ್ಟುತ್ತದೆ. ಎಂಬತ್ತರ ದಶಕದ ಕೊನೆಗೆ ವಾಸ್ಕೊದಲ್ಲಿ ನಾವು ಕೇಳಿದೆವು. ನಾವೆಂದರೆ ಆ ಬಂದರಿನ ಊರಿನ ಸಡಾ, ಬಾಯ್ನಾ ಓಣಿಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವಿಜಾಪುರದ ಕಡೆಯ ಕೂಲಿಕಾರರು. ವರ್ಷಗಟ್ಟಲೆ ಒಬ್ಬ ಗುತ್ತಿಗೆದಾರ ಸೇಠ್‌ನ ಕೈಕೆಳಗೆ ಗಟಾರ ಬಳಿದು, ಅರ್ಧ ಕೂಲಿ ಅವನ ಜೇಬಿಗೆ ಹೋಗುವುದನ್ನು ನೋಡಿ ಸಾಕಾಗಿ ನಮ್ಮದೇ ಸೊಸೈಟಿ ಕಟ್ಟಿದ್ದೆವು. ನಾಲ್ಕಕ್ಷರ ಬಲ್ಲ ನಾನು ಅದರ ಕಾರ್ಯದರ್ಶಿ. ಆ ಸಲ ಮಳೆಗಾಲದ ಟೆಂಡರಿಗೆ ಇದ್ದವರು ಇಬ್ಬರೇ: ಸೇಠ್ ಮತ್ತು ನಾವು. ಅನರ್ಹರಾದರೆ ಮತ್ತೆ ಅವನ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕು. ಆ ದಿನಗಳಲ್ಲಿ ನಾನು ಬೈದಷ್ಟು ಎಂದೂ ಬೈದಿಲ್ಲ, ನಕ್ಕಷ್ಟು ಎಂದೂ ನಕ್ಕಿಲ್ಲ.

೧. ಅನುಭವ

ಮೊದಲ ಷರತ್ತು, ಗಟಾರ ಸ್ವಚ್ಛ ಮಾಡಿದ ಅನುಭವ ಇರಬೇಕು. ಕಚೇರಿಯ ಗುಮಾಸ್ತ ನಮ್ಮ ಕೈ ನೋಡಲಿಲ್ಲ, ದಾಖಲೆ ಕೇಳಿದ. ಇಷ್ಟು ವರ್ಷ ಬಳಿದವರು ನಾವೇ ಅಂದೆ. ಬಳಿದವರು ನೀವಿರಬಹುದು, ಅನುಭವ ಮಾತ್ರ ಗುತ್ತಿಗೆದಾರನದು ಅಂದ. ಅವನು ಹಿಂದಿಯಲ್ಲಿ ಅಂದದ್ದನ್ನು ನಮ್ಮ ಸೊಸೈಟಿಯ ಅಧ್ಯಕ್ಷೆಗೆ ಕನ್ನಡ ಮಾಡಿ ಹೇಳಿದೆ. ಆಕೆ ಬಾಯ್ನಾದ ಹಿರಿಯ ಹೆಂಗಸು, ಎಲ್ಲರಿಗೂ ಅಕ್ಕ. ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿ ಹೇಳಿದಳು:

"ಸೇಠ್ ಗಟಾರದಾಗ ಇಳದದ್ದು ನಾ ಒಂದ ಸಲ ನೋಡೀನಿ. ಕುಡದು ಬಿದ್ದಿದ್ದ. ಅದನ್ನ ಅನುಭವ ಅಂತ ಬರಕೊಂಡಾರೇನು ಕೇಳು. ಹಂಗಿದ್ರ ಅವನ್ನ ಮ್ಯಾಲೆತ್ತಿದವರು ನಾವು. ಅದನ್ನೂ ಬರಕೊಳ್ಳಲಿ."

ಒಂದಕ್ಷರ ಬಿಡದೆ ಹಿಂದಿ ಮಾಡಿದೆ. ಒಳಗಿದ್ದ ಇಂಜಿನಿಯರ್ ಸಾಹೇಬರು ಕಾರವಾರದ ಕಡೆಯವರು, ಕನ್ನಡ ಬಲ್ಲವರು. ನಾನು ಬಾಯಿ ತೆರೆಯುವ ಮೊದಲೇ ಅವರ ನಗು ಕೇಳಿಸಿತ್ತು. ಕೂಲಿಕಾರರ ಸೊಸೈಟಿಗೆ ಈ ಷರತ್ತು ಸಡಿಲಿಸುವ ಅಧಿಕಾರ ಅವರಿಗಿತ್ತು. ಹೊರಗೆ ಬಂದು ಸಡಿಲಿಸಿದರು. ಗುಮಾಸ್ತ ಮಾತ್ರ, ಸೇಠ್ ಬಿದ್ದದ್ದು ಯಾವ ಗಟಾರದಲ್ಲಿ ಅಂತ ನನ್ನನ್ನು ಮೆಲ್ಲಗೆ ಕೇಳಿದ.

೨. ಕಚೇರಿ

ಎರಡನೆಯದು, ಫಲಕ ಹಾಕಿದ ಕಚೇರಿ ಇರಬೇಕು. ಸಡಾದ ಗುಡ್ಡದ ಮೇಲೆ ಒಂದು ತಗಡಿನ ಖೋಲಿ ಹಿಡಿದೆವು. ಫಲಕ ಬರೆದುಕೊಟ್ಟವರು ನಮ್ಮ ಚಾಚಾ. ಬಂದರಿನ ಲಾರಿಗಳಿಗೆ ಬಣ್ಣ ಹೊಡೆಯುವವರು, ಕಾಸು ಮುಟ್ಟಲಿಲ್ಲ. ಸೊಸೈಟಿಯ ಹೆಸರನ್ನು ದುಂಡಗೆ ಬರೆದರು, ಎರಡು ಬದಿಗೆ ಕಮಲ ಬಿಡಿಸಿದರು. ಕೈ ಅಲ್ಲಿಗೆ ನಿಲ್ಲಬೇಕಲ್ಲ, ಕೆಳಗೆ 'ಹಾರ್ನ್ ಓಕೆ ಪ್ಲೀಸ್' ಅಂತಲೂ ಬರೆದು ಒಣಗಲಿಟ್ಟರು. ಅಳಿಸಲು ಹೊತ್ತಿರಲಿಲ್ಲ, ಸಾಹೇಬರ ಜೀಪು ಗುಡ್ಡ ಹತ್ತುತ್ತಿತ್ತು.

ಡ್ರೈವರ್ ಫಲಕ ಓದಿ ಜೋರಾಗಿ ಹಾರ್ನ್ ಹೊಡೆದ. ಓಣಿಯ ಕೋಳಿಗಳೆಲ್ಲ ಹಾರಿ ತಗಡಿನ ಮೇಲೆ ಕೂತವು. ಇದೇನು ಅಂತ ಸಾಹೇಬರು ಕೇಳಿದರು.

"ಸರ್ಕಾರ ಇಲ್ಲೀತನಕ ಎಂದೂ ಬಂದಿಲ್ರಿ ಸಾಹೇಬ್ರ," ಅಂದೆ. "ಬಂದ್ರ ನಮಗ ಗೊತ್ತಾಗ್ಲಿ ಅಂತ ಬರಸೀವಿ."

ಕಚೇರಿ ಪಾಸಾಯಿತು. ಹೋಗುವಾಗ ಡ್ರೈವರ್ ಇನ್ನೊಮ್ಮೆ ಹೊಡೆದ.

೩. ಆಳು

ಕೊನೆಯ ಷರತ್ತೇ ದೊಡ್ಡದು. ಸಲಿಕೆ, ಬುಟ್ಟಿ ಹಿಡಿದ ಮೂವತ್ತು ಆಳುಗಳನ್ನು ಕಣ್ಣೆದುರು ತೋರಿಸಬೇಕು. ಗುತ್ತಿಗೆದಾರರಲ್ಲಿ ಇದಕ್ಕೊಂದು ಪದ್ಧತಿಯಿತ್ತು. ತಪಾಸಣೆಯ ಬೆಳಿಗ್ಗೆ ಟ್ರಕ್ಕು ಕಳಿಸಿ, ಸಿಕ್ಕವರನ್ನು ತುಂಬಿಕೊಂಡು ಬಂದು, ಪಾವ್, ಮಿರ್ಚಿ ಭಜಿ ತಿನ್ನಿಸಿ ಸಾಲಾಗಿ ನಿಲ್ಲಿಸುವುದು. ಯಾರ ಅಂಗಳಕ್ಕೆ ಹೋದರೂ ಅವೇ ಮುಖ. ನೋಡಿ ನೋಡಿ ಸಾಹೇಬರಿಗೆ ಎಷ್ಟು ಗುರುತಾಗಿತ್ತೆಂದರೆ, ಆಳುಗಳನ್ನು ಎಣಿಸುತ್ತಲೇ ನಿನ್ನ ಮಗಳ ಮದುವೆ ಆಯಿತೇ ಅಂತ ಕೇಳುತ್ತಿದ್ದರು.

ಆ ದಿನ ಮೊದಲು ಸೇಠ್‌ನ ಅಂಗಳ, ಆಮೇಲೆ ನಮ್ಮ ಸಡಾ. ನಮ್ಮವರಿಗಾಗಿ ಮೈದಾನದಲ್ಲಿ ಕಾದೆ. ಒಬ್ಬರೂ ಬರಲಿಲ್ಲ. ಸೇಠ್‌ನ ಟ್ರಕ್ಕು ಬಂದು ಎಲ್ಲರನ್ನೂ ಹೊತ್ತುಕೊಂಡು ಹೋಯಿತು ಅಂತ ಅಂಗಡಿಯವನು ಹೇಳಿದ. ಮಧ್ಯಾಹ್ನದವರೆಗೆ ಅಲ್ಲೇ ಹಿಡಿದಿಟ್ಟರೆ ನಮ್ಮ ಮೈದಾನ ಖಾಲಿ, ನಾವು ಅನರ್ಹ. ಬಾಡಿಗೆ ಮೋಟಾರ್ ಸೈಕಲ್ ಹತ್ತಿ ದಾರಿಯುದ್ದಕ್ಕೂ ಬೈಯುತ್ತ ಹೋದೆ.

ಅಲ್ಲಿ ನೋಡಿದರೆ ನಮ್ಮ ಸೊಸೈಟಿ ಇಡಿಯಾಗಿ ಸಾಲು ನಿಂತು ಭಜಿ ತಿನ್ನುತ್ತಿದೆ. ಮುಂದೆ ಅಕ್ಕ. ನಾಚಿಕೆ ಇಲ್ಲವೇ ಅಂತ ಚೀರಿದೆ.

"ಸುಮ್ನಿರೋ ತಮ್ಮಾ, ಚಾ ಇನ್ನೂ ಬರೂದೈತಿ," ಅಂದಳು.

ಸೇಠ್ ನನ್ನ ಕಡೆ ನೋಡಿ ನಕ್ಕ. ಅಷ್ಟರಲ್ಲಿ ಸಾಹೇಬರು ಬಂದರು. ನೀವು ಯಾರ ಆಳುಗಳು ಅಂತ ರೂಢಿಯ ಪ್ರಶ್ನೆ ಕೇಳಿದರು. ಅಕ್ಕ ಬಾಯಿ ಒರೆಸಿಕೊಂಡಳು.

"ನಾವು ಸೊಸೈಟಿಯವರ್ರಿ. ಸೇಠ್ರು ಪ್ರೀತಿಲೇ ನಾಷ್ಟಾಕ್ಕ ಕರದಿದ್ರು, ಇಲ್ಲ ಅನ್ನಾಕ ಆಗಲಿಲ್ಲ."

ಸಾಲಿನಲ್ಲಿದ್ದವರೆಲ್ಲ ಹೌದ್ರಿ, ಹೌದ್ರಿ ಅಂದರು. ನಿನ್ನ ಆಳುಗಳೆಲ್ಲಿ ಅಂತ ಸಾಹೇಬರು ಸೇಠ್‌ನನ್ನು ಕೇಳಿದರು. ಅವನ ಹತ್ತಿರ ಉಳಿದದ್ದು ಟ್ರಕ್ಕಿನ ಡ್ರೈವರ್ ಮತ್ತು ಭಜಿ ಕರಿಯುವವನು. ಸಾಹೇಬರು, ಇನ್ನು ಗುಡ್ಡ ಯಾಕೆ ಹತ್ತಬೇಕು, ಸೊಸೈಟಿಯ ತಲೆ ಇಲ್ಲೇ ಎಣಿಸುತ್ತೇನೆ ಅಂದರು. ಎಣಿಸಿದರು. ಇಪ್ಪತ್ತೊಂಬತ್ತು. ಕಾರ್ಯದರ್ಶಿಯಾದ ನನ್ನನ್ನು ಆಳಿನ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಸೇಠ್‌ನ ಮುಖದಲ್ಲಿ ಮತ್ತೆ ನಗು ಬಂತು.

ಆಗ ಬಾಣಲೆಯ ಮುಂದಿದ್ದವನು ಎದ್ದ. ಕೈಯಲ್ಲಿದ್ದ, ಭಜಿ ಎತ್ತುವ ಝಾರಿಯನ್ನು ಸೇಠ್‌ನ ಕೈಗೆ ಕೊಟ್ಟ. ಯಾರದೋ ಸಲಿಕೆ ಎತ್ತಿಕೊಂಡು ಸಾಲಿನ ಕೊನೆಗೆ ನಿಂತ.

"ನಾನೂ ಸೊಸೈಟಿಯ ಮೆಂಬರ ಅದೀನ್ರಿ ಸಾಹೇಬ್ರ," ಅಂದ. "ಸೇಠ್ರ, ಉರಿ ಸಣ್ಣ ಮಾಡ್ರಿ. ಭಜಿ ಹೊತ್ತಾಕತ್ತಾವು."