ರಂಗೂಬಾಯಿ ಇಳಿಯಲಿಲ್ಲ

ಶಿವಪುತ್ರಪ್ಪ ಹೆಂಡತಿಗೆ ಮಾತು ಕೊಟ್ಟುಬಿಟ್ಟಿದ್ದ. ಎಲ್ಲಾ ಅನಾಹುತಕ್ಕೂ ಅದೇ ಕಾರಣ.

"ಚನ್ನಬಸವ್ವಾ, ಎರಡು ದಿನ ಈ ಚಾಳಿನ ಮಂದಿ ದನಿ ನಿನ್ನ ಕಿವಿಗೆ ಬೀಳಂಗಿಲ್ಲ. ಬೇಕಾದ್ರ ಬರದಿಟ್ಟುಕೋ!"

ಯೆರವಡಾದ ಆ ಸಾಲುಮನೆಗಳ ಚಾಳಿನಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೂ ಸಾಕು, ಎಡಗೋಡೆಯಾಚೆಯಿಂದ ರಂಗೂಬಾಯಿ ಉತ್ತರ ಕೊಡುತ್ತಿದ್ದಳು, ಬಲಗೋಡೆಯಾಚೆಯಿಂದ ರಿಟೈರಾದ ಅವಧೂತರಾಯರು ಸಲಹೆ ಕೊಡುತ್ತಿದ್ದರು. ಇದು ಒಂದೆರಡು ದಿನದ ಗೋಳಲ್ಲ, ಮದುವೆಯಾದಂದಿನಿಂದಲೂ ಹೀಗೇ. ಅದಕ್ಕೇ ಶಿವಪುತ್ರಪ್ಪ ಚಾಕಣದ ಗುಜರಿಯಿಂದ ಒಂದು ಗಾಲಿಮನೆ ತಂದ. ಒಳಗೆ ಹಿಂದುಗಡೆ ಮಂಚ, ಒಲೆ, ನೀರಿನ ಡ್ರಮ್ಮು. ಮುಂದುಗಡೆ ಒಂದು ಬೆಂಚು. ತನ್ನ ಹಳೇ ಜೀಪಿನ ಬೆನ್ನಿಗೆ ಕಟ್ಟಿಕೊಂಡು ಮಹಾಬಳೇಶ್ವರಕ್ಕೆ ಹೊರಟರೆ, ಆಹಾ, ಇಬ್ಬರೇ ಇಬ್ಬರು!

ಒಂದೇ ತಕರಾರು ಉಳಿದಿತ್ತು. ಅದು ಜೀಪಿಗೂ ಗಾಲಿಮನೆಗೂ ನಡುವಿನ ಕೊಂಡಿಯದು.

"ಗಾಲಿಮನಿ ಮೂತಿ ಭಾರ ಆದ್ರ ಜೀಪಿನ ಬೆನ್ನು ಕುಸೀತದ್ರೀ. ಹಗುರಾದ್ರ ಜೀಪಿನ ಹಿಂಭಾಗ ಎತ್ತಿಬಿಡ್ತದ. ಕಾಟಾದ ಮ್ಯಾಲ ತೂಗೂಣು, ಅಚ್ಚು ಸರಿಸಿ ವೆಲ್ಡಿಂಗ್ ಹೊಡದುಬಿಡ್ತೀನಿ," ಎಂದಿದ್ದ ಫಿಟರ್ ಸುಂದರ.

ಶನಿವಾರ ಬೆಳಿಗ್ಗೆ ಚನ್ನಬಸವ್ವ ಬುತ್ತಿಗೆಂದು ರೊಟ್ಟಿ ಬಡಿಯುತ್ತ ಕೂತಳು. ಅಷ್ಟರಲ್ಲಿ ಗಾಡಿ ತೂಗಿಸಿಕೊಂಡು ಬರೋಣವೆಂದು ಶಿವಪುತ್ರಪ್ಪ ಸದ್ದಿಲ್ಲದೆ ಹೊರಗೆ ಬಂದು ನೋಡುತ್ತಾನೆ, ರಂಗೂಬಾಯಿ ಗಾಲಿಮನೆಯ ಬೆಂಚಿನ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತೇಬಿಟ್ಟಿದ್ದಾಳೆ! ಜೀಪಿನಲ್ಲಿ ಅವಧೂತರಾಯರು.

"ಹೊಸಾ ಗಾಡಿ, ನೀ ಒಬ್ಬಾವ ಹ್ಯಾಂಗ ಹೋಗ್ತಿ? ನಡಿ ನಡಿ," ಎಂದರು ರಾಯರು.

ಸುಂದರ ಕಾಯುತ್ತಿದ್ದ ನಗರ ರಸ್ತೆಯ, ಲಾರಿ ತೂಗುವ ವಜನ ಕಾಟಾದ ಮೇಲೆ ಗಾಡಿ ಏರಿತು. ತೂಕದ ಅಂಕಿ ಬಂತು. ಶಿವಪುತ್ರಪ್ಪ ಗಾಲಿಮನೆಯ ಬಾಗಿಲು ತೆರೆದ.

"ಕಾಕೂ, ಈಗ ಸ್ವಲ್ಪ ಇಳೀರಿ. ನೀವು ಇಲ್ಲದ ತೂಗಬೇಕು."

"ನಾ ಇಳಿಯಂಗಿಲ್ಲ!"

"ಯಾಕ್ರೀ?"

"ನಾ ಕೂತಾಗಿನ ತೂಕ ಬಂತು. ಇಳದ ಮ್ಯಾಲ ಇನ್ನೊಂದು ಬರ್ತದ. ಎಷ್ಟು ಕಡಿಮಿ ಆತು ಅಂತ ಈ ರಾಯರು ಕಳದು ನೋಡಿ, ನನ್ನ ವಜನ ಚಾಳಿಗೆಲ್ಲಾ ಡಂಗುರ ಹೊಡೀತಾರ!"

"ಅಯ್ಯ, ನನಗ್ಯಾಕ ಬೇಕವ್ವಾ ನಿನ್ನ ವಜನ?" ಎನ್ನುತ್ತ ಅವಧೂತರಾಯರು ಜೇಬಿನಿಂದ ಪೆನ್ನು ತೆಗೆದರು.

ಹಿಂದೆ ಟ್ರಕ್ಕುಗಳ ಹಾರ್ನು ಶುರುವಾಯಿತು. ಕಾಟಾದವನು ಕಿಟಕಿಯಿಂದ ತಲೆ ಹಾಕಿ "ಓ ಬಾಈ, ಉತರಾ ನಾ!" ಎಂದು ಮರಾಠಿಯಲ್ಲಿ ಇಳಿಯಲು ಕೂಗಿದ. ರಂಗೂಬಾಯಿ ಸೆರಗು ಬಿಗಿದು, ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಕಡೆಗೆ ಸುಂದರನೇ ಸೋತ. ಆಕೆ ಕೂತಂತೆಯೇ ಮೂತಿಯ ಭಾರ ತೂಗಿ, ಅಚ್ಚು ಸರಿಸಿ, ಕಿಡಿ ಹಾರಿಸಿ ವೆಲ್ಡಿಂಗ್ ಮುಗಿಸಿದ. "ಫಸ್ಟ್‌ಕ್ಲಾಸ್ ಕೂತದ್ರೀ. ಒಬ್ಬರೂ ಹೆಚ್ಚು ಕಡಿಮಿ ಆಗಬಾರ್ದು, ಅಷ್ಟs," ಎಂದು ಹೇಳಿ, ಯಾರದೋ ಮದುವೆಗೆಂದು ನಿಪ್ಪಾಣಿಯ ಬಸ್ಸು ಹತ್ತಿದ.

ಗಾಡಿ ಬೆಣ್ಣೆಯಂತೆ ಓಡಿತು! ಶಿವಪುತ್ರಪ್ಪನಿಗೆ ಹಿಗ್ಗೋ ಹಿಗ್ಗು. ಶಿಳ್ಳೆ ಹಾಕುತ್ತ ಚಾಳಿನ ಮುಂದೆ ಗಾಡಿ ನಿಲ್ಲಿಸಿದ. ರಾಯರು ಇಳಿದರು, ರಂಗೂಬಾಯಿಯೂ ಇಳಿದಳು.

ಇಳಿದದ್ದೇ ತಡ, ಗಾಲಿಮನೆಯ ಮೂತಿ ಆಕಾಶ ನೋಡಿತು. ಜೀಪಿನ ಹಿಂದಿನ ಗಾಲಿಗಳು ನೆಲ ಬಿಟ್ಟವು. ಗಾಬರಿಯಿಂದ ಎಕ್ಸಿಲರೇಟರ್ ಒತ್ತಿದರೆ ಗಾಳಿಯಲ್ಲೇ ಗರಗರ ತಿರುಗಿದವು.

"ಉಸುಕಿನ ಚೀಲ ಇಟ್ಟರಾತು!" ಎಂದು ಶಿವಪುತ್ರಪ್ಪ ಕೂಗಿದ. "ಕಾಕೂ, ನಿಮ್ಮ ವಜನ ಎಷ್ಟು, ಒಂದ ಸಲ ಹೇಳ್ರಿ!"

ಚಾಳಿಗೆ ಚಾಳೇ ಬಾಗಿಲಿಗೆ ಬಂದು ಕಿವಿ ನಿಮಿರಿಸಿತು.

"ನನ್ನ ಉಸುಕಿಗೆ ಸರಿ ತೂಗ್ತೀಯೇನೋ?" ರಂಗೂಬಾಯಿ ದಡದಡ ಹತ್ತಿ ಬೆಂಚಿನ ಮೇಲೆ ಕೂತಳು. ಜೀಪು ಶಾಂತವಾಗಿ ನೆಲಕ್ಕಿಳಿಯಿತು. "ನಾನs ಬರ್ತೀನಿ, ನಡಿ ಮಹಾಬಳೇಶ್ವರಕ್ಕ!"

"ನನ್ನೂ ಹಿಡದs ತೂಗ್ಯಾರ," ಎಂದು ಅವಧೂತರಾಯರು ಜೀಪು ಹತ್ತಿದರು.

ಶಿವಪುತ್ರಪ್ಪನಿಗೆ ಅಳುವೇ ಬಂತು. "ಚನ್ನಬಸವ್ವಾ, ನೀನಾದ್ರೂ ಹತ್ತು..."

ಹೊರಗೆ ಬಂದಿದ್ದ ಚನ್ನಬಸವ್ವ ಬುತ್ತಿಯ ಗಂಟನ್ನು ಅವನ ತೊಡೆಯ ಮೇಲಿಟ್ಟಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಕಂಡೇ ಇರಲಿಲ್ಲ.

"ನನ್ನ ಯಾರು ತೂಗ್ಯಾರ್ರೀ? ನಾ ಹತ್ತಿದ್ರ ಮತ್ತ ಕೊಂಡಿ ಕೆಡತದ. ನೀವು ಮೂವರೂ ಆರಾಮ ಹೋಗಿಬರ್ರಿ," ಎಂದವಳು ಅವನ ಕಿವಿಯ ಹತ್ತಿರ ಬಗ್ಗಿದಳು. "ಎರಡು ದಿನ ಇವರ ದನಿ ನನ್ನ ಕಿವಿಗೆ ಬೀಳಂಗಿಲ್ಲ. ಮಾತು ಅಂದ್ರ ನಿಮ್ಮದು ನೋಡ್ರಿ!"