ಹಿತ್ತಲಲ್ಲಿ ಇಬ್ಬರಿದ್ದರು

ಇನ್ನಾಸಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಭಾನುವಾರ ಬೆಳಿಗ್ಗೆ, ಚರ್ಚಿನ ಕನ್ನಡ ಪೂಜೆಯ ನಡುವೆ, ದೇವರ ಸನ್ನಿಧಾನದಲ್ಲೇ. ಹಚ್ಚಿದವರು ಬೇರಾರೂ ಅಲ್ಲ, ಫಾದರ್ ಜ್ಞಾನಪ್ರಕಾಶ್.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಅದು. ಯೇಸುಸ್ವಾಮಿ ಮತ್ತೆ ಬರುವ ದಿನ ಯಾರಿಗೂ ಗೊತ್ತಿಲ್ಲ, ಹೊಲದಲ್ಲಿ ಇಬ್ಬರಿದ್ದರೆ ಒಬ್ಬ ಹೋಗುತ್ತಾನೆ, ಇನ್ನೊಬ್ಬ ಉಳಿಯುತ್ತಾನೆ, ಅದಕ್ಕೇ ಸದಾ ಸಿದ್ಧರಾಗಿರಿ ಎನ್ನುವ ಬೈಬಲ್ ವಾಚನ. ಅದನ್ನು ಓದಿ ಮುಗಿಸಿದ ಫಾದರ್ ಅಷ್ಟಕ್ಕೇ ಸುಮ್ಮನಿರಬಾರದೆ?

"ಸಿದ್ಧವಾಗಿರೋದು ಅಂದ್ರೆ ಹೇಗೆ ಅಂತ ಕೇಳ್ತೀರಾ? ನಮ್ಮ ಚೌರಪ್ಪನವರನ್ನ ನೋಡಿ. ಪ್ರತಿ ಶನಿವಾರ ತಪ್ಪದೆ ಪಾಪನಿವೇದನೆ ಮಾಡ್ತಾರೆ, ಮಾಡಿದ ತಪ್ಪೆಲ್ಲ ನನ್ನ ಹತ್ರ ಹೇಳ್ಕೊಂಡು ಕ್ಷಮೆ ಪಡೀತಾರೆ. ಇವತ್ತೇ ಪ್ರಭು ಬಂದ್ರೂ ಅವರು ರೆಡಿ!" ಎಂದುಬಿಟ್ಟರು.

ಮುಂದಿನ ಸಾಲಿನಲ್ಲಿದ್ದ ಚೌರಪ್ಪ ತಲೆ ತಗ್ಗಿಸಿದ. ಆ ತಗ್ಗಿಸಿದ ರೀತಿಗೇ ಇನ್ನಾಸಪ್ಪನ ಮೈ ಉರಿದುಹೋಯಿತು. ಜಂಬ ಪಟ್ಟಿದ್ದರೆ ಮನಸ್ಸಿನಲ್ಲೇ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ವಿನಯವನ್ನು ಏನಂತ ಬೈಯುವುದು?

ಇಬ್ಬರೂ ಅಮೆರಿಕದ ನ್ಯೂ ಜೆರ್ಸಿಯ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ಒಟ್ಟಿಗೇ ಮನೆ ಕೊಂಡವರು. ಪಕ್ಕ ಪಕ್ಕದ ಮನೆ, ಹಿತ್ತಲ ನಡುವೆ ಸೊಂಟದೆತ್ತರದ ಬೇಲಿ. ಚೌರಪ್ಪನ ಹುಲ್ಲು ಒಂದು ಕೈ ಹೆಚ್ಚು ಹಸಿರು. ಅವನ ಟೊಮ್ಯಾಟೊ ಗಿಡಗಳಿಗೆ ಜಿಂಕೆ ಬಾಯಿ ಹಾಕುವುದಿಲ್ಲ, ನೇರ ಇನ್ನಾಸಪ್ಪನ ಬದನೆಗೇ ಬರುತ್ತದೆ. ಇದನ್ನೆಲ್ಲ ಇನ್ನಾಸಪ್ಪ ಹಲ್ಲು ಕಚ್ಚಿ ಸಹಿಸಿದ್ದ. ಆದರೆ ಸ್ವರ್ಗಕ್ಕೂ ಇವನೇ ಮೊದಲು ಅಂದರೆ?

"ನೀವೂ ಶನಿವಾರ ಹೋಗಬಹುದಿತ್ತಲ್ಲ," ಎಂದಳು ಹೆಂಡತಿ ಲೂರ್ದು, ಕಾರಿನಲ್ಲಿ.

"ಹೋಗಿ ಏನು ಹೇಳ್ಲಿ? ನಾನೇನು ಪಾಪ ಮಾಡಿದ್ದೀನಿ?"

"ನೆನಪಿಲ್ಲದಿದ್ರೆ ಹೇಳಿ, ನಾನು ಬರ್ಕೊಡ್ತೀನಿ."

ಅವನನ್ನು ಮನೆಗೆ ಬಿಟ್ಟು ಲೂರ್ದು ಸಾಮಾನು ತರಲು ಇಂಡಿಯನ್ ಸ್ಟೋರಿಗೆ ಹೋದಳು. ಮರುದಿನ ಬೆಳಿಗ್ಗೆ ಟೌನ್‌ಶಿಪ್ಪಿನ ಲಾರಿ ಒಣಗಿದೆಲೆ ಒಯ್ಯಲು ಬರುವುದಿತ್ತು. ಇನ್ನಾಸಪ್ಪ ಗಂಬೂಟು ಹಾಕಿಕೊಂಡು ಹಿತ್ತಲಿಗೆ ಬಂದರೆ ಬೇಲಿಯಾಚೆ ಚೌರಪ್ಪ ಆಗಲೇ ಎಲೆ ಗುಡಿಸುತ್ತಿದ್ದ. ಅವನ ಹೆಂಡತಿ ಮಗಳ ಬಾಣಂತನಕ್ಕೆಂದು ಟೆಕ್ಸಸ್‌ಗೆ ಹೋಗಿದ್ದಳು.

"ಭಾನುವಾರ ದೇವರ ದಿನ, ಈ ಕೆಲಸ ಮಾಡಬಾರದು ಇನ್ನಾಸಪ್ಪನೋರೆ, ಏನ್ಮಾಡೋದು, ಲಾರಿ ಬರುತ್ತೆ. ಶನಿವಾರ ಫಾದರ್ ಹತ್ರ ಹೇಳ್ಕೊಂಡ್ಬಿಡ್ತೀನಿ."

ನೋಡಿದಿರಾ, ಎಲೆ ಗುಡಿಸಿದ್ದರಲ್ಲೂ ಪುಣ್ಯ ಸಂಪಾದನೆ! ಇನ್ನಾಸಪ್ಪ ಎಲೆಗಳ ಮೇಲೆ ಸಿಟ್ಟು ತೀರಿಸಿಕೊಂಡ. ಸ್ವಲ್ಪ ಹೊತ್ತಿಗೆ ಚಳಿ ತಡೆಯಲಾರದೆ ಕಾಫಿ ಬಿಸಿ ಮಾಡಿಕೊಳ್ಳಲು ಒಳಗೆ ಹೋದ.

ಲೋಟ ಹಿಡಿದು ಹೊರಬಂದಾಗ ಚೌರಪ್ಪ ಇರಲಿಲ್ಲ.

ಇರಲಿಲ್ಲ ಅಂದರೆ, ಅವನೊಬ್ಬ ಇರಲಿಲ್ಲ. ಉಳಿದಿದ್ದೆಲ್ಲ ಇತ್ತು. ಎಲೆರಾಶಿಯ ಮೇಲೆ ಟೋಪಿ, ಟೋಪಿಯ ಕೆಳಗೆ ಜಾಕೆಟ್ಟು, ಅದರ ಕೆಳಗೆ ಶರ್ಟು, ಪ್ಯಾಂಟು, ಕೊನೆಯಲ್ಲಿ ಎರಡು ಗಂಬೂಟು. ಪ್ಯಾಂಟಿನ ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕಾರು ನಿಂತಲ್ಲೇ ನಿಂತಿತ್ತು.

ಇನ್ನಾಸಪ್ಪ ದಿನಾ ಆಫೀಸಿಗೆ ಡ್ರೈವ್ ಮಾಡುವಾಗ ರೇಡಿಯೋದಲ್ಲಿ ಒಬ್ಬ ಬೋಧಕನ ಮಾತು ಕೇಳುತ್ತಿದ್ದ. ಪ್ರಭು ಬಂದಾಗ ನೀತಿವಂತರು ಇದ್ದಕ್ಕಿದ್ದಂತೆ ಮೇಲಕ್ಕೆ ಹೋಗುತ್ತಾರೆ, ಅವರ ಬಟ್ಟೆಬರೆ ಮಾತ್ರ ಇಲ್ಲಿ ಬಿದ್ದಿರುತ್ತದೆ ಎಂದು ಆ ಪುಣ್ಯಾತ್ಮ ವರ್ಣಿಸಿ ವರ್ಣಿಸಿ ಹೇಳಿದ್ದ. ಅವನು ಕ್ಯಾಥೊಲಿಕನೋ ಅಲ್ಲವೋ ಎಂದು ಇನ್ನಾಸಪ್ಪ ವಿಚಾರಿಸಲು ಹೋಗಿರಲಿಲ್ಲ. ಬೆಳಿಗ್ಗೆ ತಾನೇ ಕೇಳಿದ ವಾಚನವೂ ನೆನಪಾಯಿತು. ಇಬ್ಬರಿದ್ದರು. ಒಬ್ಬ ಹೋದ.

ಕೈಯಿಂದ ಲೋಟ ಜಾರಿತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಮೊಣಕಾಲೂರುತ್ತಿದ್ದರು. ಇನ್ನಾಸಪ್ಪನ ಬಾಯಿಂದ ಮೊದಲು ಬಂದ ಮಾತು, "ಅನ್ಯಾಯ!"

ಕೂಡಲೇ ಫಾದರ್‌ಗೆ ಫೋನು ಹಚ್ಚಿದ.

"ಹಲೋ," ಎಂದರು ಫಾದರ್.

"ಫಾದರ್! ನೀವೂ ಇಲ್ಲೇ ಇದ್ದೀರಾ?"

"ಪಕ್ಕದ ಪ್ಲೇನ್ಸ್‌ಬರೋದಲ್ಲಿದ್ದೀನಿ, ಒಬ್ರ ಮನೇಲಿ ಊಟ ಮಾಡ್ತಾ ಇದ್ದೀನಿ. ಯಾಕೆ?"

ಫಾದರೇ ಉಳಿದಿದ್ದಾರೆಂದು ತಿಳಿದು ಇನ್ನಾಸಪ್ಪನಿಗೆ ಕೊಂಚ ಹಾಯೆನಿಸಿತು. "ಚೌರಪ್ಪನನ್ನ ಕರ್ಕೊಂಡು ಹೋಗ್ಬಿಟ್ರು ಫಾದರ್!"

"ಯಾರು, ಪೊಲೀಸರಾ?"

"ಮೇಲಿನವರು! ಬಟ್ಟೆಯೆಲ್ಲ ಇಲ್ಲೇ ಬಿದ್ದಿದೆ. ಮನುಷ್ಯ ಇಲ್ಲ!"

ಫಾದರ್ ಕೆಮ್ಮುವುದು ಕೇಳಿಸಿತು. "ನಾನೀಗಲೇ ಬರ್ತೀನಿ. ನೀವು ಅಲ್ಲೇ ಇರಿ."

"ಇರದೆ ಎಲ್ಲಿಗೆ ಹೋಗ್ಲಿ ಫಾದರ್, ನನ್ನನ್ನ ಬಿಟ್ಟು ಹೋಗಿದ್ದಾರಲ್ಲ!" ಎಂದು ಇನ್ನಾಸಪ್ಪ ಅತ್ತೇಬಿಟ್ಟ.

ಫೋನಿಟ್ಟ ಮೇಲೆ ಅಳುವಿಗಿಂತ ದೊಡ್ಡ ಚಿಂತೆ ಹತ್ತಿತು. ಇನ್ನೇನು ಲೂರ್ದು ಬರುತ್ತಾಳೆ, ಫಾದರ್ ಬರುತ್ತಾರೆ, ಸಂಜೆಯೊಳಗೆ ಕನ್ನಡ ಪೂಜೆಗೆ ಬರುವವರೆಲ್ಲ ಬರುತ್ತಾರೆ. ಇಬ್ಬರಲ್ಲಿ ಯಾರು ಹೋದರು, ಯಾರು ಉಳಿದರು ಎಂದು ಕಣ್ಣಾರೆ ನೋಡುತ್ತಾರೆ. ಚೌರಪ್ಪನಿಗೆ ಸಂತನ ಪಟ್ಟ, ತನಗೆ ಅವನ ಎಲೆಯನ್ನೂ ಗುಡಿಸುವ ಕೆಲಸ. ಮಾನ ಉಳಿಯುವುದು ಹೇಗೆ?

ಆಗ ಹೊಳೆಯಿತು ಉಪಾಯ. ತಾನು ಫೋನಿಟ್ಟ ಮೇಲೆ ಎರಡನೆಯ ಟ್ರಿಪ್ಪಿನಲ್ಲಿ ತನ್ನನ್ನೂ ಕರೆದೊಯ್ದಿರಬಾರದೇಕೆ?

ಇನ್ನಾಸಪ್ಪ ಜಾಕೆಟ್ಟು ಬಿಚ್ಚಿದ, ಶರ್ಟು ಬಿಚ್ಚಿದ, ಪ್ಯಾಂಟು ಬಿಚ್ಚಿದ. ಚೌರಪ್ಪನ ಬಟ್ಟೆ ಮುದುಡಿ ಬಿದ್ದಿತ್ತು. ಇದರಲ್ಲಾದರೂ ಅವನನ್ನು ಮೀರಿಸಬೇಕೆಂದು ಒಂದೊಂದನ್ನೂ ನೀಟಾಗಿ ಮಡಚಿ, ತನ್ನ ಎಲೆರಾಶಿಯ ಮೇಲೆ ಪೇರಿಸಿ, ಪಕ್ಕದಲ್ಲಿ ಗಂಬೂಟು ಜೋಡಿಸಿದ. ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ಓಡಿಹೋಗಿ ಹುಲ್ಲು ಕತ್ತರಿಸುವ ಯಂತ್ರವಿಡುವ ಶೆಡ್ಡಿನೊಳಗೆ ಸೇರಿ ಬಾಗಿಲೆಳೆದುಕೊಂಡ. ಮುಂದೇನು ಎಂದು ಯೋಚಿಸಲಿಲ್ಲ. ಹೊಟ್ಟೆಕಿಚ್ಚು ಅಷ್ಟು ದೂರ ಯೋಚಿಸುವುದಿಲ್ಲ.

ಹಲ್ಲು ಕಟಕಟ ಎನ್ನುತ್ತಿರುವಾಗ ಲೂರ್ದುವಿನ ಕಾರು ಬಂದ ಸದ್ದಾಯಿತು. ಹಿಂದೆಯೇ ಒಂದು ದನಿ. "ಇನ್ನಾಸಪ್ಪನೋರೆ! ಓ ಇನ್ನಾಸಪ್ಪನೋರೆ!"

ಚೌರಪ್ಪನ ದನಿ! ಇನ್ನಾಸಪ್ಪ ಬಾಗಿಲ ಸಂದಿಗೆ ಕಣ್ಣಿಟ್ಟ. ಸ್ವರ್ಗಕ್ಕೆ ಹೋದವನು ಮೇಲೊಂದು ಕಂಬಳಿ ಹೊದ್ದು, ಯಾರದೋ ಪಂಚೆಯುಟ್ಟು ನಿಂತಿದ್ದ. ಜೊತೆಯಲ್ಲಿ ಆಚೆ ಮನೆಯ ಡಾಕ್ಟರ್ ಸ್ಮಿತಾ, ಧಾರವಾಡದವಳು, ಕೈಯಲ್ಲಿ ಚಿಮಟ.

"ಏನಾಯ್ತು ಚೌರಪ್ಪನೋರೆ, ಇದೇನು ವೇಷ?" ಎಂದಳು ಲೂರ್ದು.

"ಎಲೆಯಿಂದ ಉಣ್ಣಿ ಹತ್ತಿ ತೊಡೆ ಕಚ್ಚಿಬಿಡ್ತಮ್ಮಾ! ಅದರಿಂದ ಲೈಮ್ ಕಾಯಿಲೆ ಬರುತ್ತಲ್ಲ, ಜೀವವೇ ಹೋದಂಗಾಯ್ತು. ಬಟ್ಟೆಯೆಲ್ಲ ಅಲ್ಲೇ ಕಿತ್ತೆಸೆದು ಡಾಕ್ಟರ್ ಮನೆಗೆ ಓಡಿದೆ. ಪಂಚೆ ಅವರ ಯಜಮಾನ್ರು ಶಶಿಧರ್ ಅವರದ್ದು." ಅಷ್ಟರಲ್ಲಿ ಅವನ ಕಣ್ಣು ಬೇಲಿಯ ಈಚೆಗೆ ಬಿತ್ತು. "ಅಯ್ಯೋ! ಇವರಿಗೂ ಹತ್ತಿದೆ! ಇವರೂ ಬಟ್ಟೆ ಬಿಚ್ಚಿ ಓಡಿದ್ದಾರೆ!"

ಶೆಡ್ಡಿನೊಳಗೆ ಇನ್ನಾಸಪ್ಪನ ಎದೆ ಒಡೆಯಿತು. ಅದೇ ಎಲೆ, ಅದೇ ಬಟ್ಟೆ. ತಾನು ಅವನಿಗೆ ಸ್ವರ್ಗವನ್ನೇ ಕೊಟ್ಟಿದ್ದ. ಅವನು ತನಗೆ ಕೊಟ್ಟದ್ದು ಉಣ್ಣಿ.

ಲೂರ್ದು ಬಟ್ಟೆಯ ಹತ್ತಿರ ಬಗ್ಗಿ ನೋಡಿದಳು. "ಇದು ನಮ್ಮವರು ಬಿಚ್ಚಿದ್ದಲ್ಲ."

"ಯಾಕ್ರಿ ಆಂಟಿ?" ಎಂದಳು ಸ್ಮಿತಾ.

"ಮಡಚಿದೆ. ಮದುವೆಯಾದಾಗಿನಿಂದ ಒಂದು ಕರ್ಚೀಪು ಮಡಚಿದವರಲ್ಲ."

ಅಷ್ಟರಲ್ಲಿ ಫಾದರ್ ಜ್ಞಾನಪ್ರಕಾಶ್ ಏದುಸಿರು ಬಿಡುತ್ತ ಹಿತ್ತಲಿಗೆ ಬಂದರು. ಚೌರಪ್ಪನನ್ನು ಕಂಡು ನಿಂತಲ್ಲೇ ನಿಂತರು. "ನೀವು ಮೇಲಕ್ಕೆ ಹೋದ್ರಿ ಅಂತ ಇನ್ನಾಸಪ್ಪ ಫೋನ್ ಮಾಡಿದ್ರಲ್ರೀ!"

ಉಣ್ಣಿಯ ಕತೆ ಕೇಳಿದ ಮೇಲೆ ಫಾದರ್ ನಕ್ಕರು, ಎಲ್ಲರೂ ನಕ್ಕರು. "ಹೀಗೆ ಒಬ್ಬೊಬ್ಬರನ್ನೇ ಗುಟ್ಟಾಗಿ ಎತ್ಕೊಂಡು ಹೋಗ್ತಾರೆ ಅಂತ ನಮ್ಮ ಧರ್ಮಸಭೆ ಹೇಳೋದಿಲ್ಲಮ್ಮ. ಪ್ರಭು ಬಂದಾಗ ಇಡೀ ಲೋಕಕ್ಕೆ ಕಾಣಿಸುತ್ತೆ, ಸತ್ತವರೂ ಎದ್ದು ಬರ್ತಾರೆ. ನನಗೆ ಫೋನ್ ಮಾಡಿ ತಿಳಿಸೋ ಅಗತ್ಯ ಬೀಳಲ್ಲ. ಆದ್ರೂ ನೋಡಿ, ಪಕ್ಕದ ಮನೆಯವರಿಗಾಗಿ ಇನ್ನಾಸಪ್ಪ ಎಷ್ಟು ಅತ್ತರು! ಅಂಥ ಪ್ರೀತಿ ಇರೋವನೇ ನಿಜವಾಗಿ ಸಿದ್ಧವಾಗಿರೋವನು."

"ಹೌದು ಫಾದರ್," ಎಂದು ಚೌರಪ್ಪ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ. "ನನಗೆ ಅವರಷ್ಟು ಮನಸ್ಸಿಲ್ಲ."

ಇನ್ನಾಸಪ್ಪ ಕಿವಿ ನಿಮಿರಿಸಿದ. ಆಹಾ, ಎಷ್ಟು ವರ್ಷದಿಂದ ಕಾದಿದ್ದ ಮಾತು! ಇನ್ನೂ ನಾಲ್ಕು ಮಾತು ಬರಲಿ ಎಂದು ಮೈ ಮುದುಡಿ ಕೂತ. ಬಂದದ್ದು ಸೀನು.

ಚೌರಪ್ಪ ಓಡಿಬಂದು ಬಾಗಿಲು ತೆಗೆದ. ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ಇನ್ನಾಸಪ್ಪ ಯಂತ್ರವನ್ನು ತಬ್ಬಿಕೊಂಡು ಕೂತಿದ್ದ.

"ಉಣ್ಣಿ," ಎಂದ ಇನ್ನಾಸಪ್ಪ, ಬೇರೇನೂ ತೋಚದೆ. "ನನಗೂ ಉಣ್ಣಿ ಹತ್ತಿತ್ತು."

"ಹಂಗ ನಿಂದರ್ರಿ ಅಂಕಲ್, ಅಲ್ಲಾಡಬ್ಯಾಡ್ರಿ," ಎಂದು ಸ್ಮಿತಾ ಕುತ್ತಿಗೆ, ಕಂಕುಳು, ಮೊಣಕಾಲ ಹಿಂದೆ ಎಲ್ಲ ಹುಡುಕಿದಳು. "ಒಂದೂ ಇಲ್ಲಲ್ರಿ! ಎಲ್ಲಿ ಕಡೀತು?"

ಲೂರ್ದು ಮಡಚಿದ ಬಟ್ಟೆ ನೋಡಿದಳು, ಗಂಡನ ಮುಖ ನೋಡಿದಳು, ಚೌರಪ್ಪನ ಬಟ್ಟೆ ನೋಡಿದಳು. ಅವಳಿಗೆ ಅರ್ಥವಾಯಿತು. ಅವಳ ಮುಖ ನೋಡಿ ಎಲ್ಲರಿಗೂ ಅರ್ಥವಾಯಿತು.

"ಬನ್ನಿ ಇನ್ನಾಸಪ್ಪ," ಎಂದು ಫಾದರ್ ತಾವೇ ಶೆಡ್ಡಿನೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅಲ್ಲಿ, ಗೊಬ್ಬರದ ಚೀಲದ ಪಕ್ಕ ಮೊಣಕಾಲೂರಿ, ಇನ್ನಾಸಪ್ಪ ಹಸಿರು ಹುಲ್ಲಿನಿಂದ ಹಿಡಿದು ಉಣ್ಣಿಯ ಸುಳ್ಳಿನವರೆಗೆ ಎಲ್ಲ ಹೇಳಿಕೊಂಡ. ಫಾದರ್ ಪಾಪಕ್ಷಮೆ ಕೊಟ್ಟರು. ಹೊರಗೆ ಬಂದಾಗ ಮೈ ಹಗುರವಾಗಿತ್ತು. ಹೆಂಗಸರಿಬ್ಬರೂ ಕಾಫಿ ಮಾಡಲು ಒಳಗೆ ಹೋಗಿದ್ದರು. ಎಲೆರಾಶಿಯ ಮೇಲಿದ್ದ ಬಟ್ಟೆಗಳನ್ನು ತೊಟ್ಟುಕೊಳ್ಳುತ್ತ ಲೆಕ್ಕ ಹಾಕಿದ. ಚೌರಪ್ಪನ ನಿವೇದನೆ ನಿನ್ನೆಯದು, ಮೇಲೆ ಭಾನುವಾರ ಎಲೆ ಗುಡಿಸಿದ ತಪ್ಪು ಬೇರೆ. ನನ್ನದು ಈಗ ತಾನೇ ಆದದ್ದು. ಈ ಗಳಿಗೆ ಪ್ರಭು ಬಂದರೆ ನ್ಯೂ ಜೆರ್ಸಿಗೆಲ್ಲ ನಾನೇ ಮೊದಲು!

"ಫಾದರ್," ಎಂದ ಚೌರಪ್ಪ, ಪಂಚೆ ಎತ್ತಿ ಕಟ್ಟಿಕೊಂಡು, "ಹೇಗೂ ಬಂದಿದ್ದೀರಿ, ಶನಿವಾರದವರೆಗೆ ಯಾಕೆ ಕಾಯೋದು? ನನ್ನದೂ ಕೇಳ್ಬಿಡಿ."

ಅವನು ಶೆಡ್ಡಿನೊಳಗೆ ಹೋದ, ಬಾಗಿಲು ಮುಚ್ಚಿತು. ಇನ್ನಾಸಪ್ಪನ ಹೊಟ್ಟೆಯಲ್ಲಿ ಬೆಳಗಿನ ಬೆಂಕಿ ಮತ್ತೆ ಹೊತ್ತಿಕೊಂಡಿತು. ಅದೇ ಹೊತ್ತಿಗೆ ತೊಡೆಯಲ್ಲಿ ಚುರುಕ್ಕೆಂದಿತು.

"ಉಣ್ಣಿ!" ಎಂದು ಕಿರುಚಿದ. "ಲೂರ್ದು! ಸ್ಮಿತಾ! ಉಣ್ಣಿ ಕಚ್ತಾ ಇದೆ!"

ಅಡುಗೆಮನೆಯಿಂದ ಇಬ್ಬರೂ ನಗುವುದು ಕೇಳಿಸಿತು. "ಸಾಕು ಬನ್ರೀ ಒಳಗೆ," ಎಂದಳು ಲೂರ್ದು. "ಕಾಫಿ ಆರುತ್ತೆ. ಬಟ್ಟೆ ಹಾಕ್ಕೊಂಡೇ ಬನ್ನಿ."

ಇನ್ನಾಸಪ್ಪ ಸುತ್ತ ನೋಡಿದ. ಯಾರೂ ಬರಲಿಲ್ಲ. ಎರಡನೆಯ ಸಲ ಪ್ಯಾಂಟು ಬಿಚ್ಚಿದ. ಈ ಸಲ ಮಡಚಲಿಲ್ಲ.