ಪೆಪ್ಪರಿನ ಹೊಟ್ಟೆಪಟ್ಟಿ

ದೇವರನ್ನು ನಂಬುವುದನ್ನು ನಾನು ಕಾಲೇಜಿನಲ್ಲಿ ಬಿಟ್ಟೆ, ಪತ್ರಿಕೆಗಳನ್ನು ನಂಬುವುದನ್ನು ನಡುವಯಸ್ಸಿನಲ್ಲಿ. ಕೊನೆಗೆ ಉಳಿದದ್ದು ನನ್ನ ನೆನಪೊಂದೇ. ಈಗ ಅದರ ಮೇಲೂ ವಿಶ್ವಾಸ ಹೋಗಿದೆ. ಭೌತಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಔಷಧ ಕಂಪನಿಯೊಂದರಲ್ಲಿ ಬೇರೆಯವರ ಅಳತೆಗಳಲ್ಲಿ ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು ನಾನು. ನಿವೃತ್ತನಾದ ಮೇಲೆ ಅನುಮಾನಿಸಲು ಬೇರೆ ಯಾರೂ ಸಿಗದೆ ನನ್ನನ್ನೇ ಹಿಡಿದುಕೊಂಡೆ. ಒಲೆ ಆರಿಸಿದೆನೇ, ಗರಾಜಿನ ಬಾಗಿಲು ಮುಚ್ಚಿತೇ, ಬೆಳಗಿನ ಮಾತ್ರೆ ನುಂಗಿದೆನೇ ಅಥವಾ ನುಂಗಬೇಕೆಂದು ಅಂದುಕೊಂಡೆನೇ, ಹೀಗೆ ವಿಚಾರಣೆ ಬೆಳಗಿನಿಂದಲೇ ಶುರುವಾಗುತ್ತದೆ. ಆರೋಪಿಯೂ ನಾನೇ, ಸಾಕ್ಷಿಯೂ ನಾನೇ. ಸಾಕ್ಷಿ ಮಾತ್ರ ಪ್ರತಿ ಸಲ ಹೇಳಿಕೆ ಬದಲಾಯಿಸುತ್ತಾನೆ.

ಇದು ರಕ್ತದಲ್ಲೇ ಬಂದದ್ದು ಎಂದರೂ ತಪ್ಪಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಬೀಗ ಹಾಕುವುದೆಂದರೆ ಒಂದು ಸಮಾರಂಭ. ಅಪ್ಪ ಬೀಗ ಹಾಕಿ ಜಗ್ಗಿ ನೋಡುತ್ತಿದ್ದರು. ಅವ್ವ ಅಪ್ಪನನ್ನು ನಂಬದೆ ತಾನೂ ಜಗ್ಗುತ್ತಿದ್ದಳು. ಅಣ್ಣ ಇಬ್ಬರನ್ನೂ ನಂಬದೆ ಅದಕ್ಕೆ ಜೋತುಬೀಳುತ್ತಿದ್ದ. ಓಣಿಯ ತಿರುವು ಮುಟ್ಟುವಷ್ಟರಲ್ಲಿ ಅಪ್ಪನಿಗೆ ಮತ್ತೆ ಅನುಮಾನ ಹುಟ್ಟಿ ನನ್ನನ್ನು ಓಡಿಸುತ್ತಿದ್ದರು. ಕಳ್ಳನಿಗೆ ಬೇಕಾಗುವಂಥದ್ದು ಒಳಗೆ ಏನೂ ಇರಲಿಲ್ಲ. ಇದ್ದುದರಲ್ಲಿ ಬೆಲೆಬಾಳುವ ವಸ್ತುವೆಂದರೆ ಬಹುಶಃ ಆ ಬೀಗವೇ. ಹೀಗೆ ತಡವಾಗಿ ಹೋಗಿ ನಾವು ನೋಡಿದ ಒಂದು ಸಿನಿಮಾಕ್ಕೂ ಆರಂಭವಿರಲಿಲ್ಲ.

ಆ ಅಣ್ಣ ಈಗ ಲಾಂಗ್ ಐಲೆಂಡಿನ ಜೆರಿಕೋದಲ್ಲಿದ್ದಾನೆ. ನೂರಾರು ಜನರ ಎದೆಬಡಿತ ಕೇಳಿದ ಡಾಕ್ಟರು. ಮರೆವಿನ ರೋಗ ಬಂದ ಮೇಲೆ ಹಗಲೆಲ್ಲ ಮುಂಬಾಗಿಲಿನ ಹಿಡಿ ಜಗ್ಗುತ್ತ ನಿಂತಿರುತ್ತಾನೆ. ಕಳೆದ ಬೇಸಿಗೆಯಲ್ಲಿ ಹೋದಾಗ ನನ್ನನ್ನು ನೋಡಿ, "ಬರ್ರಿ, ಬರ್ರಿ, ಕೂಡ್ರಿ" ಎಂದ. ಅಲ್ಲಿಯತನಕ ಅವನು ನನ್ನನ್ನು ಏಕವಚನದಲ್ಲಲ್ಲದೆ ಕರೆದವನಲ್ಲ. ಮಂಗ್ಯಾ ಎನ್ನದೆ ಮಾತು ಶುರುಮಾಡಿದವನಲ್ಲ. ಜೀವಮಾನದಲ್ಲಿ ಅವನು ನನಗೆ ಕೊಟ್ಟ ಮೊದಲ ಮರ್ಯಾದೆ ಅದು. ಆಮೇಲೆ ತನ್ನ ಹೆಂಡತಿಯ, ಅಂದರೆ ನಮ್ಮ ವೈನಿಯ, ಕಡೆ ಬಾಗಿ, "ಇವರು ಯಾರು? ಮನೀಗೆ ಕೀಲಿ ಹಾಕಿ ಬಂದಾರೇನು ಕೇಳು" ಎಂದ. ಹೆಂಡತಿ ವಸುಧಾಳ ಜೊತೆ ಎಡಿಸನ್ನಿನ ನಮ್ಮ ಮನೆಗೆ ವಾಪಸು ಡ್ರೈವ್ ಮಾಡಿದೆ. ಕೀಲಿ ಹಾಕಿದ್ದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ತಲೆ ನೆಟ್ಟಗಿದೆಯೇ ಎಂದು ನೋಡಲು ನಾನು ಮನೆಯಲ್ಲಿ ಕೂತು ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಕೊಳ್ಳತೊಡಗಿದ್ದನ್ನು ಮಗಳು ಮೇಘಾ ಗಮನಿಸಿರಬೇಕು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಮೊಣಕಾಲು ಮುರಿದವರನ್ನು ನಡೆಸುವ ಫಿಸಿಕಲ್ ಥೆರಪಿಸ್ಟು. ಅವಳ ವಯಸ್ಸಿನವರು ಮನೆ ಕೊಳ್ಳುವಾಗ ಅವಳು ಕುದುರೆ ಕೊಂಡಳು. ಮೂರು ವರ್ಷದ ಹೆಣ್ಣು ಕುದುರೆ, ಕಪ್ಪು ಬಣ್ಣ, ಪೆಪ್ಪರ್ ಎಂದು ಹೆಸರು, ಅದುವರೆಗೆ ಯಾರನ್ನೂ ಬೆನ್ನ ಮೇಲೆ ಹೊತ್ತದ್ದಲ್ಲ. ನಮ್ಮ ಮನೆಯಿಂದ ದಕ್ಷಿಣಕ್ಕೆ ಒಂದು ಗಂಟೆ ದೂರದ ಲಾಯದಲ್ಲಿ ಇಟ್ಟಿದ್ದಳು. "ಅಪ್ಪ, ವೀಕ್‌ಡೇಸ್ ನಂಗೆ ಕೆಲ್ಸ ಇರತ್ತೆ. ಯು ಆರ್ ರಿಟೈರ್ಡ್. ನೀವು ಗ್ರೌಂಡ್‌ವರ್ಕ್ ಮಾಡ್ತೀರಾ? ಶೀ ನೀಡ್ಸ್ ದ ಸೇಮ್ ಪರ್ಸನ್ ಎವ್ರಿ ಡೇ" ಎಂದಳು.

ಕುದುರೆ ಹತ್ತುವುದಕ್ಕೆ ಮೊದಲು ತಿಂಗಳುಗಟ್ಟಲೆ ನೆಲದ ಮೇಲಿನ ಪಾಠವಿರುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು. ಹಗ್ಗ ಹಿಡಿದವರು ನಡೆದರೆ ಅದು ನಡೆಯಬೇಕು, ನಿಂತರೆ ನಿಲ್ಲಬೇಕು, ಹಗ್ಗ ಅಲುಗಿಸಿದರೆ ಹಿಂದೆ ಸರಿಯಬೇಕು, ಮೈಮೇಲೆ ಪ್ಲಾಸ್ಟಿಕ್ ಚೀಲ ಆಡಿಸಿದರೂ ಬೆಚ್ಚಬಾರದು. ಮದುವೆಯಾದ ಮೊದಲ ವರ್ಷ ನನಗೂ ಹೆಚ್ಚುಕಡಿಮೆ ಇದೇ ಶಿಕ್ಷಣ ಸಿಕ್ಕಿತ್ತು, ಪ್ಲಾಸ್ಟಿಕ್ ಚೀಲವೊಂದನ್ನು ಬಿಟ್ಟು. ಇದೆಲ್ಲ ಆದ ಮೇಲೆ ಬೆನ್ನಿಗೆ ಜೀನು. ಜೀನು ಜಾರದಂತೆ ಹೊಟ್ಟೆಯ ಕೆಳಗಿಂದ ತಂದು ಬಿಗಿಯುವ ಪಟ್ಟಿಗೆ ಅವರು ಗರ್ತ್ ಎನ್ನುತ್ತಾರೆ. ನಾನು ಹೊಟ್ಟೆಪಟ್ಟಿ ಎನ್ನುತ್ತೇನೆ. ದಿನಾ ಬೆಳಗ್ಗೆ ಜೀನು ಹಾಕಿ, ಪಟ್ಟಿ ಬಿಗಿದು, ಸುತ್ತು ಹೊಡೆಸಿ, ಬಿಚ್ಚಿ ಬರುವುದು ನನ್ನ ಕೆಲಸ. ಕ್ರಮ ತಪ್ಪದೆ ಮಾಡಬೇಕಾದ ಕೆಲಸವಾದ್ದರಿಂದ ನನ್ನ ತಲೆಗೆ ಒಳ್ಳೆಯ ಪರೀಕ್ಷೆಯೆಂದು ಗುಟ್ಟಾಗಿ ಖುಷಿಪಟ್ಟೆ.

ಪೆಪ್ಪರ್ ಮೊದಲ ವಾರ ಸಾಧುವಾಗಿತ್ತು. ಆಮೇಲೆ ಪಟ್ಟಿ ಕಂಡರೆ ಕಿವಿ ಹಿಂದಕ್ಕೆ ಒರಗಿಸತೊಡಗಿತು. ಆಮೇಲೆ ಹೊಟ್ಟೆ ಉಬ್ಬಿಸಿ ನಿಲ್ಲತೊಡಗಿತು. ಆಮೇಲೆ ನನ್ನ ಮೊಣಕೈಯನ್ನು ಹಲ್ಲಿನಿಂದ ಹಿಡಿಯಿತು. "ಸ್ವಭಾವ" ಎಂದು ನಾನು ವರದಿ ಮಾಡಿದೆ. ಮೇಘಾ ನನ್ನ ಹಾಗೆ ತತ್ವಜ್ಞಾನಿಯಲ್ಲ, ಕುದುರೆ ಡಾಕ್ಟರನ್ನು ಕರೆಸಿದಳು. ಹೊಟ್ಟೆಯಲ್ಲಿ ಹುಣ್ಣಿಲ್ಲ, ಬೆನ್ನಿನಲ್ಲಿ ನೋವಿಲ್ಲ, ಜೀನಿನ ಅಳತೆ ಸರಿಯಿದೆ. ಭಾನುವಾರ ಊಟಕ್ಕೆ ಬಂದವಳು ಸಾರನ್ನ ಕಲಸುತ್ತ ಕೂತಳೇ ಹೊರತು ತಿನ್ನಲಿಲ್ಲ. ಹೀಗೇ ಆದರೆ ಹತ್ತುವುದು ಅಪಾಯ, ಮಾರಿದವರಿಗೇ ವಾಪಸು ಕಳಿಸಬೇಕಾಗಬಹುದು ಎಂದಳು. ಅವರು ಏನು ಮಾಡುತ್ತಾರೆ ಎಂದು ವಸುಧಾ ಕೇಳಿದಳು. ಕಚ್ಚುವ ಕುದುರೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಹರಾಜಿಗೆ ಹೋಗುತ್ತದೆ ಎಂದಳು ಮೇಘಾ. ಹರಾಜಿನಿಂದ ಮುಂದೆ ಕಸಾಯಿಖಾನೆಗೆ ಎಂಬುದು ಕೇಳದೆಯೇ ತಿಳಿಯಿತು.

ಮರುದಿನ ಮೇಘಾ ರಜೆ ಹಾಕಿ ನನ್ನ ಜೊತೆ ಲಾಯಕ್ಕೆ ಬಂದು ಬೇಲಿಗೆ ಒರಗಿ ನಿಂತಳು. ನಾನು ಎಂದಿನಂತೆ ಜೀನು ಹಾಕಿ ಪಟ್ಟಿ ಬಿಗಿದು ಸುತ್ತು ಹೊಡೆಸಿ ಬಂದೆ. ಪೆಪ್ಪರ್ ಎಂದಿನಂತೆ ಹಲ್ಲು ತೋರಿಸಿತು.

"ಅಪ್ಪ, ಗರ್ತ್ ಎಷ್ಟು ಸಲ ಚೆಕ್ ಮಾಡಿದ್ರಿ?"

"ಒಂದ್ಸಲ."

"ಅಪ್ಪ."

"ಎರಡಿರಬಹುದು."

"ಐ ಸ್ಟಾಪ್ಡ್ ಕೌಂಟಿಂಗ್" ಎಂದಳು. "ನಾಲ್ಕು ಹೆಜ್ಜೆ ಹೋಗ್ತೀರ, ವಾಪಸ್ ಬಂದು ಎಳೀತೀರ. ಮತ್ತೆ ಹೋಗ್ತೀರ, ಮತ್ತೆ ಎಳೀತೀರ. ನಾನಾಗಿದ್ರೂ ಕಚ್ತಿದ್ದೆ."

ನನಗೆ ನಿಜವಾಗಿಯೂ ನೆನಪಿದ್ದದ್ದು ಒಂದೇ ಸಲ. ಅವಳು ನನ್ನ ಮುಖ ನೋಡದೆ, ಕುದುರೆಯ ಕುತ್ತಿಗೆ ಸವರುತ್ತ, "ದೊಡ್ಡಪ್ಪನ ಥರ" ಎಂದಳು. ಅಷ್ಟು ಮೆಲ್ಲಗೆ ಹೇಳಬೇಕಾದ ಮಾತು ಅವಳಿಗೆ ಕನ್ನಡದಲ್ಲೇ ಬಂತು.

ಮನೆಗೆ ಬಂದು ಹೇಳಿದಾಗ ವಸುಧಾ ಈರುಳ್ಳಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ. "ಅದೇನು ಹೊಸದಾ? ಮದುವೆಯಾದ ಹೊಸದರಲ್ಲಿ ಊಟಿಗೆ ಹೊರಟಾಗ ಬೀಗ ನೋಡಿಬರ್ತೀನಿ ಅಂತ ಹೋಗಿ ಬಸ್ಸು ತಪ್ಪಿಸಿದ್ರಲ್ಲ ರೀ. ಹುಟ್ಟುಗುಣ. ಪಾಪ, ಆ ಮೂಕಪ್ರಾಣಿ ಇವಾಗ ಅನುಭವಿಸ್ತಿದೆ, ನಾನು ಆವಾಗಿಂದ." ಹೆಂಡತಿಯ ಬೈಗುಳವನ್ನು ವೈದ್ಯಕೀಯ ಪ್ರಮಾಣಪತ್ರದಂತೆ ಎದೆಗವಚಿಕೊಂಡೆ. ರೋಗವಲ್ಲ, ಹುಟ್ಟುಗುಣ. ಆ ನೆಮ್ಮದಿ ಊಟದವರೆಗೆ ಇತ್ತು. ಆಮೇಲೆ ಹೊಳೆಯಿತು, ಅಣ್ಣನದೂ ಹುಟ್ಟುಗುಣವೇ ಆಗಿತ್ತು. ಗುಣ ಎಲ್ಲಿ ಮುಗಿಯಿತು, ರೋಗ ಎಲ್ಲಿ ಶುರುವಾಯಿತು ಎಂದು ಜೊತೆಯಲ್ಲೇ ಇದ್ದ ವೈನಿಗೂ ತಿಳಿಯಲಿಲ್ಲ.

ಮೇಘಾ ಕುದುರೆಯನ್ನು ಕಳಿಸಲಿಲ್ಲ, ನನ್ನನ್ನೂ ಬಿಡಿಸಲಿಲ್ಲ. ಹೊಸ ನಿಯಮ ಮಾಡಿದಳು. ಪಟ್ಟಿಯನ್ನು ಮೊದಲು ಸಡಿಲವಾಗಿ ಹಾಕಬೇಕು, ಸ್ವಲ್ಪ ನಡೆಸಿ ಇನ್ನೊಂದು ತೂತು ಬಿಗಿಯಬೇಕು, ಆಮೇಲೆ ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿ. ಪಾಠ ಕುದುರೆಗೋ ನನಗೋ ಎಂದು ಕೇಳಿದೆ. "ಬೋತ್" ಎಂದಳು. ಜೇಬಿನೊಳಗೆ ಬೆರಳುಗಳು ಕಚ್ಚಾಡುತ್ತಿದ್ದವು. ಎಲೆಗಳು ಬಣ್ಣ ತಿರುಗಿ ಉದುರಿ ಮುಗಿಯುವ ಹೊತ್ತಿಗೆ ಪೆಪ್ಪರ್ ಪಟ್ಟಿ ಕಂಡರೂ ಹುಲ್ಲು ಜಗಿಯುತ್ತ ನಿಲ್ಲುವಷ್ಟಾಯಿತು. ನನ್ನ ಬೆರಳುಗಳಿಗೆ ಅಷ್ಟು ಬೇಗ ಬುದ್ಧಿ ಬರಲಿಲ್ಲ.

ಮೊದಲ ಸವಾರಿಯ ದಿನ ಮೋಡ ಮುಚ್ಚಿತ್ತು. ಹಗ್ಗ ನನ್ನ ಕೈಯಲ್ಲಿ. ಮೇಘಾ ಹೆಲ್ಮೆಟ್ ಹಾಕಿ, ಮೊದಲು ಬೆನ್ನಿಗೆ ಅಡ್ಡಲಾಗಿ ಮಲಗಿದಳು, ಇಳಿದಳು, ಮತ್ತೆ ಮಲಗಿದಳು, ಆಮೇಲೆ ಮೆಲ್ಲಗೆ ಕಾಲು ದಾಟಿಸಿ ಕೂತಳು. ಪೆಪ್ಪರ್ ಬೆನ್ನು ಬಿಲ್ಲಾಗಿಸಿ ಒಂದು ಕ್ಷಣ ಯೋಚಿಸಿತು. ಆಮೇಲೆ ನಡೆಯಿತು. ಆಗಲೇ ನನ್ನೊಳಗಿನ ಸಾಕ್ಷಿ ಎದ್ದುನಿಂತ. ಪಟ್ಟಿಯ ಎರಡನೆಯ ಬಕಲು ಹಾಕಿದೆಯಾ? ಹಾಕಿರದಿದ್ದರೆ ಜೀನು ತಿರುಗುತ್ತದೆ, ಮಗಳು ಗೊರಸಿನ ಕೆಳಗೆ ಬೀಳುತ್ತಾಳೆ. ನೋಡಲು ಕೈ ಹಾಕಿದರೆ ಕುದುರೆಗೆ ಹಳೆಯದೆಲ್ಲ ನೆನಪಾಗಿ ಕುಪ್ಪಳಿಸುತ್ತದೆ, ಆಗಲೂ ಬೀಳುತ್ತಾಳೆ.

"ಮೇಘಾ, ಪಟ್ಟಿ..."

"ಅಪ್ಪ, ಮಾತಾಡ್ಬೇಡಿ. ಜಸ್ಟ್ ವಾಕ್. ನಿಮ್ಮ ಟೆನ್ಷನ್ ಎಲ್ಲ ಹಗ್ಗದಲ್ಲಿ ಬರ್ತಿದೆ."

ನೆನಪನ್ನೇ ಕೇಳಿದೆ. ಅದು ಕೊಟ್ಟಿತು: ಬಕಲಿನ ತಣ್ಣನೆಯ ಲೋಹ, ತೂತಿಗೆ ಮುಳ್ಳು ಸಿಕ್ಕಿದ ಸಣ್ಣ ಸದ್ದು, ಹೆಬ್ಬೆರಳಿಗೆ ಅಂಟಿದ ಕಪ್ಪು ರೋಮ. ಇಷ್ಟು ಸ್ಪಷ್ಟವಾದದ್ದು ಸುಳ್ಳಾಗಲಾರದು ಎಂದುಕೊಂಡು, ತಿರುಗಿ ನೋಡದೆ ನಡೆದೆ. ಮಗಳ ಜೀವವನ್ನು ನನ್ನ ನೆನಪಿನ ಮೇಲೆ ಕೂರಿಸಿ ಅಂಗಳ ಸುತ್ತಿಸಿದೆ. ಏನೂ ಆಗಲಿಲ್ಲ. ಅವಳು ಇಳಿದು ಕುದುರೆಯ ಕುತ್ತಿಗೆಗೆ ಮುಖವಿಟ್ಟು ನಿಂತಳು, ಕಣ್ಣು ಒರೆಸಿಕೊಂಡಳು. ಪೆಪ್ಪರ್ ಇನ್ನು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ವಸುಧಾಳಿಗೆ ಎಲ್ಲವನ್ನೂ ವರ್ಣಿಸಿದೆ. ಪಟ್ಟಿ ಬಿಗಿದದ್ದು, ಅನುಮಾನ ಬಂದದ್ದು, ಜೀವನದಲ್ಲಿ ಮೊದಲ ಸಲ ಜಗ್ಗಿ ನೋಡದೆ ನಂಬಿದ್ದು. ಮೇಘಾ ಚಪಾತಿ ಮುರಿಯುತ್ತಿದ್ದವಳು ತಲೆಯೆತ್ತಿದಳು.

"ಅಪ್ಪ, ಇವತ್ತು ಗರ್ತ್ ಹಾಕಿದ್ದು ನಾನು. ನೀವು ಕಾರಲ್ಲಿ ಗ್ಲವ್ಸ್ ಹುಡುಕ್ತಾ ಇದ್ರಿ."

ವಸುಧಾ ಪಲ್ಯದ ಸೌಟನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಅಷ್ಟು ಕಾಲ ನಿಜವನ್ನೆಲ್ಲ ಅನುಮಾನಿಸಿ, ಕೊನೆಗೆ ಒಂದನ್ನು ನಂಬಲು ಹೊರಟಾಗ ಹುಡುಕಿ ತೆಗೆದದ್ದು ನಡೆಯದೇ ಇದ್ದದ್ದನ್ನು. ಮೇಘಾ ಮಾತ್ರ ಏನೂ ಆಗಿಲ್ಲವೆಂಬಂತೆ ಮತ್ತೆ ಚಪಾತಿ ಮುರಿದು, "ನಾಳೆನೂ ರೈಡ್ ಮಾಡ್ಬೇಕು, ಹಗ್ಗ ಹಿಡಿಯೋಕೆ ಬರ್ತೀರಲ್ವಾ?" ಎಂದು ಕೇಳಿದಳು.

ಬರುತ್ತೇನೆ ಎಂದೆ. ಹಾಗೆ ಹೇಳಿದ್ದಂತೂ ಖಂಡಿತ. ವಸುಧಾ ಪಕ್ಕದಲ್ಲೇ ಇದ್ದಳು, ಬೇಕಾದರೆ ಕೇಳಿ.